ತಮ್ಮನ ಮಾತ್ರೆ ಅಣ್ಣನಿಗೆ ಯಾಕೆ ಆಗುವುದಿಲ್ಲ?

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ ತೋಟದ ಮನೆ. ನನ್ನ ತಂಗಿಯ ಮಗನಿಗೆ 9 ವರ್ಷ, ಒಂದು ಕಡೆ ಕೂರುವವನಲ್ಲ. ಉಡುಪಿಯ ಮನೋವೈದ್ಯರೊಬ್ಬರು ಇದು ಗಮನ ನಿಲ್ಲದ, ವಿಪರೀತ ಚಂಚಲತೆಯ ತೊಂದರೆ, ಎಡಿಎಚ್‌ಡಿ ಎಂದು ಹೇಳಿ ಮೀಥೈಲ್‌ಫೆನಿಡೇಟ್ ಮಾತ್ರೆ ಕೊಟ್ಟಿದ್ದಾರೆ. ಈಗ ಹೋಮ್‌ವರ್ಕ್ ಮುಗಿಸುವ ತನಕ ಕೂರುತ್ತಾನೆ. ನನ್ನ ಮಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬಂದವನು "ಚಿಕ್ಕಮ್ಮಾ, ಪರೀಕ್ಷೆಗೆ ನನಗೂ ನಾಲ್ಕು ಮಾತ್ರೆ ಕೊಡಿ" ಎಂದು ತಂಗಿಯ ಹತ್ತಿರ ಕೇಳಿದನಂತೆ. ಇದು ಉತ್ತೇಜಕ ಮಾತ್ರೆ ಅನ್ನುತ್ತಾರೆ. ಉತ್ತೇಜಕವಾದರೆ ಸಣ್ಣವನು ಕೂರುವುದು ಹೇಗೆ? ಪೇಪರಿನಲ್ಲಿ ದಿನಾ ಬರುವ ಎಂಡಿಎಂಎ ಎಂಬ ಮಾದಕ ವಸ್ತು ಕೂಡ ಇದೇ ಜಾತಿಯದ್ದಂತೆ, ನಿಜವಾ? ನನ್ನ ಮಾವನವರು ಮಾತ್ರ "ನಾವು ವೀಳ್ಯ ಹಾಕಿಕೊಂಡೇ ಬೆಳಗಿನ ತನಕ ಯಕ್ಷಗಾನ ಆಟ ನೋಡಿದವರು, ಅದೂ ಇದೇ ಅಲ್ವಾ" ಎಂದು ನಗುತ್ತಾರೆ.

ಉತ್ತರ: ಅಕ್ಕಾ, ಮೊದಲು ಗಡಿಬಿಡಿಯ ಉತ್ತರ ಹೇಳಿಬಿಡುತ್ತೇನೆ. ದೊಡ್ಡವನಿಗೆ ಮಾತ್ರೆ ಕೊಡಬೇಡಿ. ಹೆದರಿ ಸಣ್ಣವನ ಮಾತ್ರೆ ನಿಲ್ಲಿಸಬೇಡಿ. ಎಂಡಿಎಂಎ ಮತ್ತು ಇದು ದೂರದ ನೆಂಟರು ಹೌದು. ಆದರೆ ನೆಂಟರೆಲ್ಲ ಒಂದೇ ಸ್ವಭಾವದವರಾಗಿರುವುದಿಲ್ಲ, ಅದು ನಿಮಗೇ ಗೊತ್ತುಂಟು. ಮಾವನವರ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ, ಅದು ಸ್ವಲ್ಪ ಬೇರೆ ಕಥೆ.

ಈಗ ಉದ್ದದ ಉತ್ತರ. ನಾನು ವರ್ಷಗಟ್ಟಲೆ ಮೆಡಿಕಲ್ ಹುಡುಗರಿಗೆ ಔಷಧಗಳ ಪಾಠ ಮಾಡಿದವನು. ಹಾಗಾಗಿ ಶುರು ಮಾಡಿದರೆ ನಿಲ್ಲಿಸುವುದು ಕಷ್ಟ, ಸಹಿಸಿಕೊಳ್ಳಿ.

ಮಿದುಳಿನ ನರಕೋಶಗಳು ಒಂದಕ್ಕೊಂದು ತಾಗಿಕೊಂಡು ಇರುವುದಿಲ್ಲ. ನಡುವೆ ಒಂದು ಕೂದಲೆಳೆಗಿಂತಲೂ ಎಷ್ಟೋ ಸಣ್ಣ ಸಂದು. ಈಚೆಯ ಕೋಶ ಒಂದು ರಾಸಾಯನಿಕವನ್ನು ಆ ಸಂದಿಗೆ ಬಿಡುತ್ತದೆ, ಆಚೆಯ ಕೋಶ ಅದನ್ನು ಹಿಡಿದು ಸುದ್ದಿ ಮುಟ್ಟಿತು ಎಂದು ತಿಳಿದುಕೊಳ್ಳುತ್ತದೆ. ಇಂಥ ರಾಸಾಯನಿಕಗಳು ತುಂಬ ಇವೆ. ನಮಗೆ ಇವತ್ತು ಬೇಕಾದದ್ದು ಮೂರು. ಡೋಪಮೈನ್, ನಾರ್‌ಅಡ್ರಿನಲಿನ್, ಸೆರೊಟೋನಿನ್.

ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಎಂದು ವಾಟ್ಸಾಪಿನಲ್ಲಿ ಓದಿರುತ್ತೀರಿ. ಅದು ಅರ್ಧ ಸತ್ಯ. ಸಣ್ಣವನಿಗೆ "ಸಂಜೆ ಗಡ್‌ಬಡ್ ತಿನ್ನಲು ಹೋಗುವ" ಎಂದು ಹೇಳಿ ನೋಡಿ. ಅವನ ಡೋಪಮೈನ್ ಏರುವುದು ಆ ಮಾತು ಕಿವಿಗೆ ಬಿದ್ದಾಗ. ಐಸ್‌ಕ್ರೀಮು ಎದುರಿಗೆ ಬರುವ ಹೊತ್ತಿಗೆ ಅದರ ದೊಡ್ಡ ಕೆಲಸ ಆಗಿಹೋಗಿರುತ್ತದೆ. "ಇದು ಮುಖ್ಯ, ಇದರ ಹಿಂದೆ ಹೋಗು, ಇದನ್ನು ನೆನಪಿಟ್ಟುಕೋ" ಎಂದು ಹೇಳುವುದು ಅದರ ಕಸುಬು. ನಾರ್‌ಅಡ್ರಿನಲಿನ್ ಎಚ್ಚರ ಕೊಡುತ್ತದೆ, ಎದೆಬಡಿತ ಏರಿಸುತ್ತದೆ. ಅದು ಡೋಪಮೈನಿನಿಂದಲೇ ತಯಾರಾಗುವುದು, ಒಂದು ಹೆಜ್ಜೆ ಮುಂದೆ ಅಷ್ಟೆ. ಸೆರೊಟೋನಿನ್ ಮನಸ್ಸಿನ ಹದ, ನಿದ್ದೆ, ಹಸಿವು, ಮೈಯ ಬಿಸಿ, ಹೀಗೆ ಹತ್ತು ಕಡೆ ಕೈ ಹಾಕುತ್ತದೆ.

ನಿಮ್ಮದು ತೋಟದ ಮನೆ ಅಂದಿರಲ್ಲ, ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಕೆರೆ ಉಂಟು. ಗೇಟು ಎತ್ತಿದರೆ ನೀರು ಕಣಿಗೆ, ಅಂದರೆ ಸಣ್ಣ ಕಾಲುವೆಗೆ, ಬರುತ್ತದೆ, ಕಣಿಯಿಂದ ಅಡಿಕೆ ಮರದ ಬುಡಕ್ಕೆ. ಕಣಿಯ ಕೊನೆಗೆ ಒಂದು ಪಂಪು. ಮರ ಕುಡಿದು ಮಿಕ್ಕಿದ ನೀರನ್ನು ಅದು ಎತ್ತಿ ವಾಪಸು ಕೆರೆಗೆ ಹಾಕುತ್ತದೆ. ಇಂಥ ತೋಟ ನಾನು ಎಲ್ಲೂ ನೋಡಿಲ್ಲ, ಆದರೆ ಮಿದುಳು ಕೆಲಸ ಮಾಡುವುದು ಹೀಗೆಯೇ. ಕೆರೆ ಎಂದರೆ ನರಕೋಶದ ತುದಿಯಲ್ಲಿ ಡೋಪಮೈನ್ ತುಂಬಿಟ್ಟ ಸಣ್ಣ ಸಣ್ಣ ಚೀಲಗಳು. ಕಣಿ ಎಂದರೆ ಆ ಸಂದು. ಮರದ ಬುಡ ಎಂದರೆ ಆಚೆಯ ಕೋಶದಲ್ಲಿ ಸುದ್ದಿ ಹಿಡಿಯುವ ರಿಸೆಪ್ಟರ್. ಪಂಪಿಗೆ ಟ್ರಾನ್ಸ್‌ಪೋರ್ಟರ್ ಎಂದು ಹೆಸರು. ಡೋಪಮೈನಿಗೆ ಒಂದು ಪಂಪು, ನಾರ್‌ಅಡ್ರಿನಲಿನ್ನಿಗೆ ಒಂದು, ಸೆರೊಟೋನಿನ್ನಿಗೆ ಇನ್ನೊಂದು. ಉತ್ತೇಜಕ ಔಷಧಗಳ ಆಟವೆಲ್ಲ ನಡೆಯುವುದು ಈ ಪಂಪಿನ ಹತ್ತಿರ.

ತಂಗಿಯ ಮಗನ ಮೀಥೈಲ್‌ಫೆನಿಡೇಟ್ ಏನು ಮಾಡುತ್ತದೆ? ಪಂಪಿನ ಬಾಯಿಗೆ ಅಡಿಕೆ ಹಾಳೆ ಬಂದು ಕೂತ ಹಾಗೆ ಕೂರುತ್ತದೆ. ನೀರು ವಾಪಸು ಹೋಗುವುದು ನಿಧಾನವಾಗುತ್ತದೆ, ಕಣಿಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತದೆ. ಡೋಪಮೈನ್ ಪಂಪಿಗೂ ನಾರ್‌ಅಡ್ರಿನಲಿನ್ ಪಂಪಿಗೂ ಹೀಗೆಯೇ. ಇಲ್ಲಿ ಒಂದು ಸೂಕ್ಷ್ಮ ನೋಡಿ. ಗೇಟು ಎತ್ತುವ ಕೆಲಸ ಇನ್ನೂ ಮಿದುಳಿನದ್ದೇ. ಮೇಷ್ಟ್ರು ಬೋರ್ಡಿನಲ್ಲಿ ಬರೆದರು, ಹುಡುಗ ನೋಡಿದ, ಗೇಟು ಒಂದಿಷ್ಟು ಎದ್ದಿತು. ಮಾತ್ರೆ ಇಲ್ಲದಿದ್ದರೆ ಆ ನೀರು ಕೂಡಲೇ ಖಾಲಿಯಾಗಿ ಅವನ ಗಮನ ಕಿಟಕಿಯ ಕಾಗೆಯ ಮೇಲೆ ಹೋಗುತ್ತಿತ್ತು. ಮಾತ್ರೆ ಇದ್ದರೆ ನೀರು ಇನ್ನೊಂದು ಸ್ವಲ್ಪ ನಿಲ್ಲುತ್ತದೆ, ಬೋರ್ಡು ಕಾಗೆಗಿಂತ ಮುಖ್ಯ ಅನಿಸುತ್ತದೆ.

ಆಂಫೆಟಮಿನ್ ಎಂಬ ಇನ್ನೊಂದು ಉತ್ತೇಜಕದ ಗುಂಪಿನದ್ದು ಇದಕ್ಕಿಂತ ಕಿಲಾಡಿ ಕೆಲಸ. ಅದು ನೋಡಲು ಹೆಚ್ಚುಕಡಿಮೆ ಡೋಪಮೈನಿನ ಹಾಗೆಯೇ ಇದೆ. ಪಂಪು ಮೋಸಹೋಗಿ ಅದನ್ನೇ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದದ್ದು ಸುಮ್ನೆ ಕೂರುವುದಿಲ್ಲ, ಕೆರೆಯ ಕಟ್ಟೆಯನ್ನೇ ಸೋರಿಸುತ್ತದೆ, ಪಂಪನ್ನು ಉಲ್ಟಾ ತಿರುಗಿಸುತ್ತದೆ. ಗೇಟು ಯಾರೂ ಎತ್ತಿಲ್ಲ, ಆದರೂ ಕಣಿ ತುಂಬಿ ಹರಿಯುತ್ತದೆ. ಮೆತಾಂಫೆಟಮಿನ್ ಇದೇ ಕೆಲಸ ಮಾಡುತ್ತದೆ, ಆದರೆ ಕೊಬ್ಬಿನಲ್ಲಿ ಸುಲಭವಾಗಿ ಕರಗುವುದರಿಂದ ಮಿದುಳಿಗೆ ಇನ್ನೂ ಬೇಗ, ಇನ್ನೂ ಜಾಸ್ತಿ ನುಗ್ಗುತ್ತದೆ. ಹೊಸ ಡೋಪಮೈನನ್ನು ಇವು ಯಾವುವೂ ಹೊರಗಿನಿಂದ ತಂದು ಹಾಕುವುದಿಲ್ಲ. ಖರ್ಚಾಗುವುದು ಕೆರೆಯ ನೀರೇ. ಮರುದಿನ ಹಾಸಿಗೆಯಿಂದ ಏಳಲಾಗದೆ, ಯಾವುದೂ ಬೇಡ ಅನಿಸಿ ಬಿದ್ದುಕೊಳ್ಳುತ್ತಾರಲ್ಲ, ಅದರಲ್ಲಿ ದೊಡ್ಡ ಪಾಲು ಇದರದ್ದು.

ಹಾಗಾದರೆ ಹಾಳೆ ಕೂರಿಸುವ ಔಷಧ ಒಳ್ಳೆಯದು, ಪಂಪು ತಿರುಗಿಸುವುದು ಕೆಟ್ಟದ್ದು ಎಂದು ಬರೆದುಕೊಳ್ಳಬೇಡಿ. ನನ್ನ ವಿದ್ಯಾರ್ಥಿಗಳೂ ಇಲ್ಲೇ ಜಾರುತ್ತಿದ್ದರು. ಕೊಕೇನ್ ಕೂಡ ಹಾಳೆ ಕೂರಿಸುವ ಗುಂಪಿನದ್ದೇ, ಮೂರೂ ಪಂಪಿಗೆ. ಅತ್ತ ಅಮೆರಿಕದಲ್ಲಿ ಎಡಿಎಚ್‌ಡಿ ಮಕ್ಕಳಿಗೆ ಆಂಫೆಟಮಿನ್ನಿನ ಮಾತ್ರೆಯನ್ನೇ ಡಾಕ್ಟರು ಬರೆಯುತ್ತಾರೆ, ಸಣ್ಣ ಪ್ರಮಾಣದಲ್ಲಿ, ನಿಧಾನಕ್ಕೆ ಬಿಡುವ ರೂಪದಲ್ಲಿ.

ವ್ಯತ್ಯಾಸ ಇರುವುದು ವೇಗದಲ್ಲಿ ಮತ್ತು ಪ್ರಮಾಣದಲ್ಲಿ. ದಿನವಿಡೀ ಬಿದ್ದ ಜಿಟಿಜಿಟಿ ಮಳೆಯನ್ನು ನೆಲ ಕುಡಿಯುತ್ತದೆ. ಅಷ್ಟೇ ನೀರು ಹತ್ತು ನಿಮಿಷದಲ್ಲಿ ಧೋ ಎಂದು ಸುರಿದರೆ ಮಂಗಳೂರಿನ ಪಂಪ್‌ವೆಲ್ ಸರ್ಕಲ್ಲಿನಲ್ಲಿ ಬಸ್ಸು ನಿಲ್ಲುತ್ತದೆ. ನೋರಾ ವೋಲ್ಕೋವ್ ಎಂಬ ಸಂಶೋಧಕಿಯ ತಂಡ ಮಿದುಳಿನ ಒಳಗೆ ನಡೆಯುವುದನ್ನು ತೋರಿಸುವ ಪೆಟ್ ಸ್ಕ್ಯಾನಿನಲ್ಲಿ ಇದನ್ನು ನೋಡಿದೆ. ಮೀಥೈಲ್‌ಫೆನಿಡೇಟನ್ನು ಬಾಯಿಯಿಂದ ನುಂಗಿದರೆ ಮಿದುಳಿನಲ್ಲಿ ಅದು ಪೂರ್ತಿ ಏರಲು 60ರಿಂದ 90 ನಿಮಿಷ ಬೇಕು. ಅದನ್ನೇ ನರಕ್ಕೆ ಚುಚ್ಚಿದರೆ 8-10 ನಿಮಿಷ ಸಾಕು. ಡಾಕ್ಟರು ಕೊಡುವ ಪ್ರಮಾಣದಲ್ಲಿ ನುಂಗಿದಾಗಲೂ ಅರ್ಧಕ್ಕಿಂತ ಜಾಸ್ತಿ ಡೋಪಮೈನ್ ಪಂಪುಗಳು ಮುಚ್ಚುತ್ತವೆ, ಆದರೂ ನಶೆ ಏರುವುದಿಲ್ಲ. ಯಾಕೆಂದರೆ ನೀರು ಏರುವುದೇ ಗೊತ್ತಾಗದಷ್ಟು ನಿಧಾನ. ಸರಕ್ಕನೆ ಏರಿದರೆ ಮಾತ್ರ ಮಿದುಳು "ಅಯ್ಯೋ, ಏನೋ ಭಾರೀ ಒಳ್ಳೆಯದು ಸಿಕ್ಕಿತು, ಮತ್ತೆ ಬೇಕು" ಎಂದು ಬರೆದಿಟ್ಟುಕೊಳ್ಳುವುದು. ಚಟ ಹುಟ್ಟುವುದು ಆ ಬರಹದಿಂದ. ಅದೇ ಮಾತ್ರೆಯನ್ನು ಪುಡಿ ಮಾಡಿ ಬೇರೆ ದಾರಿಯಲ್ಲಿ ಒಳಗೆ ಹಾಕುವವರಿಗೆ ಅದು ಔಷಧವಾಗಿ ಉಳಿಯುವುದಿಲ್ಲ ಎಂಬುದೂ ಇದೇ ಕಾರಣಕ್ಕೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಉತ್ತೇಜಕ ತಿಂದು ಮಗು ಕೂರುವುದು ಹೇಗೆ?

ಇದು ಗೊತ್ತಾದದ್ದೇ ಆಕಸ್ಮಿಕವಾಗಿ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ಡಾಕ್ಟರು ತಮ್ಮಲ್ಲಿದ್ದ 30 ಮಕ್ಕಳಿಗೆ ಆಂಫೆಟಮಿನ್ ಕೊಟ್ಟರು. ಆಗಿನ ಒಂದು ಪರೀಕ್ಷೆಗೆ ಬೆನ್ನಿನಿಂದ ನೀರು ತೆಗೆಯುತ್ತಿದ್ದರು, ಆಮೇಲೆ ಮಕ್ಕಳಿಗೆ ವಿಪರೀತ ತಲೆನೋವು. ಅದಕ್ಕೆ ಉಪಾಯ ಹುಡುಕುತ್ತಿದ್ದರು. ತಲೆನೋವಿಗೆ ಹೇಳುವಂಥ ಗುಣ ಸಿಗಲಿಲ್ಲ, ಆದರೆ ಅದರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಇದ್ದಕ್ಕಿದ್ದಂತೆ ಪಾಠ ಚೆನ್ನಾಗಿ ಮಾಡತೊಡಗಿದರು. ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಎಂದು ಹೆಸರಿಟ್ಟರು. ಮೀಥೈಲ್‌ಫೆನಿಡೇಟ್ ಆಮೇಲೆ ಬಂದದ್ದು, 1944ರಲ್ಲಿ ಸ್ವಿಟ್ಜರ್ಲೆಂಡಿನ ಲಿಯಾಂಡ್ರೊ ಪನಿಜ್ಜೋನ್ ತಯಾರಿಸಿದರು. ಅದರ ರಿಟಲಿನ್ ಎಂಬ ಹೆಸರು ಅವರ ಹೆಂಡತಿ ರೀಟಾ ಅವರಿಂದ ಬಂದದ್ದು. ಪಾಪ, ಈಗ ಲೋಕದ ಅರ್ಧ ಮಕ್ಕಳ ಅಮ್ಮಂದಿರು ಆ ಹೆಸರು ಕೇಳಿ ಹೆದರುತ್ತಾರೆ.

ತುಂಬ ವರ್ಷ ಎಲ್ಲರೂ ಎಣಿಸಿದ್ದು, ಚಂಚಲ ಮಕ್ಕಳ ಮಿದುಳು ಉಲ್ಟಾ, ಅದಕ್ಕೇ ಉತ್ತೇಜಕ ಅವರಿಗೆ ಶಾಂತಿ ಕೊಡುತ್ತದೆ ಎಂದು. 1978ರಲ್ಲಿ ಜೂಡಿತ್ ರಾಪೊಪೋರ್ಟ್ ತಂಡದವರು ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಒಂದೊಂದು ಡೋಸ್ ಆಂಫೆಟಮಿನ್ ಕೊಟ್ಟು ನೋಡಿದರು. ಅವರೂ ಓಡಾಟ ಕಡಿಮೆ ಮಾಡಿದರು, ಅವರ ಗಮನವೂ ಜಾಸ್ತಿಯಾಯಿತು. ಅಂದರೆ ಉಲ್ಟಾ ಏನೂ ಇಲ್ಲ. ಮಾತ್ರೆ ತಿಂದು ಮಗು ಕೂತಿತು ಎಂದಮಾತ್ರಕ್ಕೆ ಎಡಿಎಚ್‌ಡಿ ಖಾತ್ರಿಯಾಯಿತು ಎಂದೂ ಅಲ್ಲ. ಇದನ್ನು ನಿಮ್ಮ ತಂಗಿಗೂ ಹೇಳಿ, ತುಂಬ ಜನ ಹಾಗೆ ತಿಳಿದುಕೊಂಡಿದ್ದಾರೆ.

ಕೂರುವುದಕ್ಕೆ ಕಾರಣ ಹಣೆಯ ಹಿಂದಿರುವ ಮಿದುಳಿನ ಭಾಗ. ಮನೆಯಲ್ಲಿ ಹಿರಿಯರು ಕೂತು "ಈಗ ಬೇಡ, ಆಮೇಲೆ" ಎನ್ನುತ್ತಾರಲ್ಲ, ಆ ಕೆಲಸ ಅದರದ್ದು. ಅಲ್ಲಿ ಡೋಪಮೈನಿನ ಸ್ವಂತ ಪಂಪು ತೀರಾ ಕಡಿಮೆ. ಅಲ್ಲಿನ ಡೋಪಮೈನನ್ನು ನಾರ್‌ಅಡ್ರಿನಲಿನ್ನಿನ ಪಂಪೇ ಎತ್ತುತ್ತದೆ. ಸಣ್ಣ ಪ್ರಮಾಣದ ಮೀಥೈಲ್‌ಫೆನಿಡೇಟ್ ಆ ಪಂಪಿಗೆ ಅಡ್ಡ ಕೂತರೆ ಎರಡೂ ರಾಸಾಯನಿಕ ಅಲ್ಲಿ ಸ್ವಲ್ಪ ಏರುತ್ತವೆ. ಹಿರಿಯರಿಗೆ ಎಚ್ಚರವಾಗುತ್ತದೆ, ಮಕ್ಕಳ ಗಲಾಟೆ ನಿಲ್ಲುತ್ತದೆ. ಮಗುವನ್ನು ಮಾತ್ರೆ ಮಂಕು ಮಾಡಿದ್ದಲ್ಲ, ಅವನನ್ನು ತಡೆಯುವ ಭಾಗವನ್ನು ಎಬ್ಬಿಸಿದ್ದು. ಒಂದು ವೇಳೆ ಹುಡುಗ ನಿಜವಾಗಿಯೂ ಮಂಕಾಗಿ, ನಗುವುದು ಬಿಟ್ಟು ಗೊಂಬೆಯ ಹಾಗೆ ಕೂತಿದ್ದರೆ ಡೋಸ್ ಜಾಸ್ತಿಯಾಗಿದೆ ಎಂದೇ ಲೆಕ್ಕ. ಡಾಕ್ಟರಿಗೆ ಹೇಳಬೇಕು.

ಆದರೆ ಸ್ವಲ್ಪ ಏರಿದರೆ ಒಳ್ಳೆಯದು ಎಂದು ತುಂಬ ಏರಿಸಿದರೆ ಇನ್ನೂ ಒಳ್ಳೆಯದಲ್ಲ. ಹಿಂದೆ ನಮ್ಮ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಆಕ್ಟೋಫೋಟೋಮೀಟರ್ ಎಂಬ ಪೆಟ್ಟಿಗೆ ಇತ್ತು. ಒಳಗೆ ಬೆಳಕಿನ ಕಿರಣಗಳು ಅಡ್ಡಡ್ಡ ಹಾಯುತ್ತಿರುತ್ತವೆ, ಇಲಿ ಓಡಿ ಕಿರಣ ಕಡಿದಾಗಲೆಲ್ಲ ಮೀಟರಿನಲ್ಲಿ ಒಂದು ಅಂಕಿ ಏರುತ್ತದೆ. ಸ್ವಲ್ಪ ಆಂಫೆಟಮಿನ್ ಕೊಟ್ಟ ಇಲಿ ಟಕಟಕ ಓಡುತ್ತದೆ, ಅಂಕಿ ಏರಿದ್ದೇ ಏರಿದ್ದು. ಡೋಸ್ ಜಾಸ್ತಿ ಮಾಡಿದರೆ ಇನ್ನೂ ಓಡಬಹುದು ಎಂದು ಹುಡುಗರು ಪೆನ್ನು ಹಿಡಿದು ಕಾಯುತ್ತಿದ್ದರು. ಅಂಕಿ ನಿಂತುಬಿಡುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ ಇಲಿ ಮೂಲೆಯಲ್ಲಿ ನಿಂತಿದೆ, ಕೂದಲು ನೆಟ್ಟಗೆ, ಒಂದೇ ಜಾಗವನ್ನು ಮೂಸುತ್ತಿದೆ, ತಲೆ ಮೇಲೆ, ತಲೆ ಕೆಳಗೆ, ಮತ್ತೆ ಅದೇ ಜಾಗ. ಎಲ್ಲವೂ ಮುಖ್ಯ ಎಂದು ಡೋಪಮೈನ್ ಕೂಗಿದರೆ ಮಿದುಳಿಗೆ ಒಂದು ಮೂಲೆಯಿಂದ ಈಚೆ ಬರಲಿಕ್ಕೇ ಆಗುವುದಿಲ್ಲ. ಮನುಷ್ಯರಲ್ಲೂ ಇದನ್ನೇ ನೋಡುತ್ತೇವೆ. ಮೆತಾಂಫೆಟಮಿನ್ ಚಟದವರು ಇಡೀ ರಾತ್ರಿ ಒಂದು ರೇಡಿಯೋ ಬಿಚ್ಚುತ್ತಾರೆ, ಜೋಡಿಸುತ್ತಾರೆ, ಮತ್ತೆ ಬಿಚ್ಚುತ್ತಾರೆ. ಇನ್ನೂ ಮುಂದೆ ಹೋದರೆ ಯಾರೋ ಹಿಂಬಾಲಿಸುತ್ತಿದ್ದಾರೆ, ಗೋಡೆಯ ಆಚೆ ಮಾತಾಡುತ್ತಿದ್ದಾರೆ ಎಂಬ ಸಂಶಯ ಶುರು.

ನಿಮ್ಮ ಮಗನಿಗೆ ಈ ಇಲಿಯ ಕಥೆ ಹೇಳಿ, ಉಪದೇಶಕ್ಕಿಂತ ಅದು ನಾಟುತ್ತದೆ. ಇಂಜಿನಿಯರಿಂಗ್ ಹುಡುಗ ಲೆಕ್ಕ ಕೇಳುತ್ತಾನೆ ಅಂತಾದರೆ ಅದೂ ಉಂಟು. 2023ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನ. 40 ಮಂದಿ ಆರೋಗ್ಯವಂತ ಯುವಕ ಯುವತಿಯರು. ಚೀಲದಲ್ಲಿ ಇಷ್ಟೇ ತೂಕ ಹಿಡಿಯುತ್ತದೆ, ಯಾವ್ಯಾವ ವಸ್ತು ತುಂಬಿದರೆ ಜಾಸ್ತಿ ಬೆಲೆ ಬರುತ್ತದೆ ಎಂಬ ಲೆಕ್ಕ ಕೊಟ್ಟರು. ಅವನಿಗೆ ಇದು ಗೊತ್ತಿರಬೇಕು, ನ್ಯಾಪ್‌ಸ್ಯಾಕ್ ಪ್ರಾಬ್ಲಮ್ ಎಂದು ಪಾಠದಲ್ಲೇ ಬರುತ್ತದೆ. ಮೀಥೈಲ್‌ಫೆನಿಡೇಟ್ ತಿಂದವರು ಹೆಚ್ಚು ಹೊತ್ತು ಒದ್ದಾಡಿದರು, ವಸ್ತುಗಳನ್ನು ಹೆಚ್ಚು ಸಲ ಹಾಕಿ ತೆಗೆದು ಮಾಡಿದರು. ಆದರೆ ಆ ಹಾಕಿ ತೆಗೆಯುವುದರಲ್ಲಿ ತಲೆ ಇರಲಿಲ್ಲ. ದುಡಿಮೆ ಜಾಸ್ತಿ, ಕೆಲಸದ ಗುಣ ಕಡಿಮೆ. ಮಾತ್ರೆ ಇಲ್ಲದೆ ಚೆನ್ನಾಗಿ ಮಾಡುತ್ತಿದ್ದವರೇ ಮಾತ್ರೆ ತಿಂದಾಗ ಕೆಳಗೆ ಬಿದ್ದದ್ದು ಹೆಚ್ಚು. ಹಾಸ್ಟೆಲಿನಲ್ಲಿ ಮಾತ್ರೆ ತಿಂದವನು "ಭಾರೀ ಓದಿದೆ ಮಾರಾಯ" ಎನ್ನುವುದು ಸುಳ್ಳಲ್ಲ, ಅವನಿಗೆ ಹಾಗೆಯೇ ಅನಿಸಿರುತ್ತದೆ. ಅನಿಸಿಕೆಯನ್ನು ಕೊಡುವುದೇ ಡೋಪಮೈನ್ ಅಲ್ವಾ. ಬೆಳಿಗ್ಗೆ ಪ್ರಶ್ನೆಪತ್ರಿಕೆಯ ಎದುರು ನಿದ್ದೆಯಿಲ್ಲದ ತಲೆ ಮಾತ್ರ ಇರುತ್ತದೆ. ಓದಿದ್ದು ನೆನಪಾಗಿ ಗಟ್ಟಿಯಾಗಲು ಆ ನಿದ್ದೆಯೇ ಬೇಕಾಗಿತ್ತು.

ಇನ್ನೊಂದು ಮಾತು, ಇದು ಕಾನೂನಿನದ್ದು. ಮೀಥೈಲ್‌ಫೆನಿಡೇಟ್ ನಮ್ಮಲ್ಲಿ ಷೆಡ್ಯೂಲ್ ಎಕ್ಸ್ ಔಷಧ, ಅಂದರೆ ಬಿಗಿ ನಿಯಂತ್ರಣದ ಪಟ್ಟಿಯದ್ದು. ಡಾಕ್ಟರು ಚೀಟಿಯನ್ನು ಎರಡು ಪ್ರತಿ ಬರೆಯಬೇಕು, ಒಂದನ್ನು ಮೆಡಿಕಲ್ ಶಾಪಿನವರು 2 ವರ್ಷ ಇಟ್ಟುಕೊಳ್ಳಬೇಕು. 1985ರ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಅದು ಇದೆ. ಚಿಕ್ಕಮ್ಮ ಪ್ರೀತಿಯಿಂದ ಕೊಟ್ಟದ್ದು ಎಂಬುದು ಅಲ್ಲಿ ನಡೆಯುವುದಿಲ್ಲ.

ಎಂಡಿಎಂಎ ವಿಷಯ. ಇದೂ ಆಂಫೆಟಮಿನ್ ಕುಟುಂಬದ್ದೇ. 1912ರಲ್ಲಿ ಜರ್ಮನಿಯ ಮೆರ್ಕ್ ಕಂಪನಿಯಲ್ಲಿ ತಯಾರಾದದ್ದು, ಆಗ ಅವರು ಹುಡುಕುತ್ತಿದ್ದದ್ದು ರಕ್ತ ನಿಲ್ಲಿಸುವ ಔಷಧವನ್ನು. ಇದು ಪಂಪು ಉಲ್ಟಾ ತಿರುಗಿಸುವ ಗುಂಪಿಗೆ ಸೇರುತ್ತದೆ, ಆದರೆ ಇದರ ಕಣ್ಣು ಹೆಚ್ಚಾಗಿ ಸೆರೊಟೋನಿನ್ನಿನ ಕೆರೆಯ ಮೇಲೆ. ಅದನ್ನು ಒಮ್ಮೆಗೇ ಹೊರಗೆ ಸುರಿಯುತ್ತದೆ. ಅದಕ್ಕೇ ತಿಂದವರಿಗೆ ಎದುರಿಗೆ ಬಂದವರೆಲ್ಲ ಆಪ್ತರು ಅನಿಸುವುದು. ಎರಡು ಮೂರು ದಿನ ಕಳೆದು ಮನಸ್ಸು ಪಾತಾಳಕ್ಕೆ ಇಳಿಯುವುದೂ ಅದೇ ಖಾಲಿ ಕೆರೆಯಿಂದ. ನಮ್ಮ ಊರಿಗೆ ಇದರಲ್ಲಿ ವಿಶೇಷ ಅಪಾಯ ಒಂದುಂಟು. ಎಂಡಿಎಂಎ ಮೈಯ ಬಿಸಿ ಏರಿಸುತ್ತದೆ, ಮೈಗೆ ಬಿಸಿ ಇಳಿಸಲು ಇರುವ ದಾರಿ ಬೆವರು. ಮಂಗಳೂರಿನ ಸೆಖೆಯಲ್ಲಿ ಬೆವರು ಆರುವುದಿಲ್ಲ, ಬರೀ ಅಂಗಿ ಒದ್ದೆಯಾಗುತ್ತದೆ. ಕಿಕ್ಕಿರಿದ ಕೋಣೆಯಲ್ಲಿ ಕುಣಿದರೆ ಬಿಸಿ ಏರುತ್ತಲೇ ಹೋಗಿ ಸ್ನಾಯು, ಮೂತ್ರಪಿಂಡ ಎಲ್ಲ ಕೆಡುತ್ತವೆ. ಅದಕ್ಕೆ ಹೆದರಿ ಕೊಡಗಟ್ಟಲೆ ನೀರು ಕುಡಿದರೂ ಕಷ್ಟ. ಮೂತ್ರ ಹೋಗದಂತೆ ತಡೆಯುವ ಹಾರ್ಮೋನನ್ನೂ ಇದು ಏರಿಸುವುದರಿಂದ ರಕ್ತದ ಉಪ್ಪಿನ ಅಂಶ ಇಳಿದು ಫಿಟ್ಸ್ ಬರಬಹುದು. ಮತ್ತೆ, ಎಂಡಿಎಂಎ ಎಂದು ಮಾರುವ ಪುಡಿಯಲ್ಲಿ ನಿಜವಾಗಿ ಎಂತ ಉಂಟು ಎಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಮಗ ಮಾತ್ರೆ ಕೇಳಿದ ಕೂಡಲೇ ಇಷ್ಟು ದೂರ ಹೋದ ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನವರು ಪರೀಕ್ಷೆಯ ಹೆದರಿಕೆಗೆ ಕೇಳುವುದು. ಬೈಯದೆ ಮಾತಾಡಿ. ಅವನಿಗೆ ಓದುವಾಗ ಗಮನ ನಿಲ್ಲುವುದೇ ಇಲ್ಲ, ಅದು ಸಣ್ಣದರಿಂದಲೂ ಹಾಗೆಯೇ ಎಂದಾದರೆ ಅವನನ್ನೂ ಡಾಕ್ಟರಿಗೆ ತೋರಿಸಿ. ಎಡಿಎಚ್‌ಡಿ ಕುಟುಂಬದಲ್ಲಿ ಹರಿದು ಬರುವಂಥದ್ದು, ದೊಡ್ಡವರಲ್ಲೂ ಇರುತ್ತದೆ. ಬೇರೇನೋ ತಿನ್ನುತ್ತಿದ್ದಾನೆ ಎಂಬ ಸಂಶಯ ಬಂದರೆ 14446ಕ್ಕೆ ಫೋನ್ ಮಾಡಬಹುದು, ಅದು ವ್ಯಸನ ಬಿಡಿಸಲು ಇರುವ ಸರಕಾರಿ ಸಹಾಯವಾಣಿ. ಮನಸ್ಸಿನ ಇತರ ಕಷ್ಟಗಳಿಗೆ ಟೆಲಿ ಮಾನಸ್ 14416.

ಸಣ್ಣವನ ಬಗ್ಗೆ ನಿಮ್ಮ ತಂಗಿಗೆ ಒಂದೆರಡು ಮಾತು. ಮಾತ್ರೆ ಹಸಿವು ಕೊಲ್ಲುತ್ತದೆ. ಹಾಗಾಗಿ ಮೊದಲು ಹೊಟ್ಟೆ ತುಂಬ ದೋಸೆ, ಆಮೇಲೆ ಮಾತ್ರೆ. ಮಧ್ಯಾಹ್ನ ಬುತ್ತಿ ಹಾಗೇ ವಾಪಸು ಬಂದರೆ ಬೈಯಬೇಡಿ, ಸಂಜೆ ಮಾತ್ರೆ ಇಳಿದ ಮೇಲೆ ತಿನ್ನುತ್ತಾನೆ. ಸಾಮಾನ್ಯ ಮಾತ್ರೆಯ ಕೆಲಸ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, ಸಂಜೆಯ ಮೇಲೆ ಕೊಟ್ಟರೆ ನಿದ್ದೆ ಕೆಡುತ್ತದೆ. ಎತ್ತರ, ತೂಕ, ಬಿಪಿ ಪ್ರತಿ ಸಲ ಹೋದಾಗಲೂ ನೋಡಿಸಬೇಕು. ಇದನ್ನು ತಿಂದ ಮಕ್ಕಳು ಮುಂದೆ ನಶೆಗೆ ಬೀಳುತ್ತಾರೆ ಎಂಬ ಹೆದರಿಕೆ ಬೇಡ, ದೊಡ್ಡದಾಗಿ ಲೆಕ್ಕ ಹಾಕಿ ನೋಡಿದಾಗ ಹಾಗೇನೂ ಕಂಡಿಲ್ಲ. ಸ್ಟ್ರಿಪ್ಪನ್ನು ಮಾತ್ರ ಫ್ರಿಜ್ಜಿನ ಮೇಲೆ ಇಡುವುದು ಬೇಡ, ಬೀಗ ಇರುವ ಕಪಾಟಿನಲ್ಲಿಟ್ಟು ಎಣಿಸಿ ಕೊಡಲಿ.

ಈಗ ಮಾವನವರು. ಬೆಳಗಿನ ತನಕ ಆಟ ನಾನೂ ನೋಡಿದವನೇ, ವೀಳ್ಯದ ಬದಲು ಚಹಾ ಕಾಫಿಯ ಬಲದಲ್ಲಿ. ಕೆಫೀನ್ ಈ ಪಂಪುಗಳ ತಂಟೆಗೆ ಹೋಗುವುದಿಲ್ಲ. ದಿನವಿಡೀ ಎಚ್ಚರವಿದ್ದ ಹಾಗೆ ಮಿದುಳಿನಲ್ಲಿ ಅಡೆನೋಸಿನ್ ಎಂಬುದು ಸೇರುತ್ತಾ ಬಂದು "ಸಾಕು, ಮಲಗು" ಎನ್ನುತ್ತದೆ, ಕೆಫೀನ್ ಅದರ ಬಾಯಿ ಮುಚ್ಚಿಸುತ್ತದೆ. ಅಡೆನೋಸಿನ್ ಎಲ್ಲಿಗೂ ಹೋಗಿರುವುದಿಲ್ಲ, ಕಾಯುತ್ತಿರುತ್ತದೆ. ಮಹಿಷಾಸುರನ ಪ್ರವೇಶಕ್ಕೆ ಕಣ್ಣರಳಿಸಿ ಕೂತವನು ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲೆ ಬೀಳುವುದು ಅದಕ್ಕೇ. ಅಡಿಕೆಯಲ್ಲಿರುವುದು ಅರೆಕೋಲಿನ್, ಅದು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದ ವೇಷ ಹಾಕುತ್ತದೆ. ಬಾಯಲ್ಲಿ ನೀರು ಬರುವುದು, ಮೈ ಬೆಚ್ಚಗಾಗುವುದು, ಸ್ವಲ್ಪ ಚುರುಕಾಗುವುದು ಎಲ್ಲ ಅದರದ್ದು. ಹಾಗಾಗಿ ಮಾವನವರ ಮಾತು ಅರ್ಧ ಸರಿ, ಉತ್ತೇಜಕ ಹೌದು, ಆದರೆ ಬೇರೆ ಕೆರೆ, ಬೇರೆ ಪಂಪು. ಹೊಗೆಸೊಪ್ಪು ಸೇರಿಸಿದರೆ ನಿಕೋಟಿನ್ನಿನ ಲೆಕ್ಕ ಬೇರೆ ಬರುತ್ತದೆ. ಮತ್ತೆ, ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ. ಇದನ್ನು ಮಾವನವರಿಗೆ ಹೇಗೆ ಹೇಳುತ್ತೀರೋ ನೀವೇ ನೋಡಿ. ನಮ್ಮದೂ ಅಡಿಕೆ ತೋಟದ ಮನೆಯೇ, ನನ್ನ ಅಪ್ಪನಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ.